ಮೊಮ್ಮಗಳು ಎಂದರಷ್ಟೇ ಸಾಲದು

ಬಿ. ಜಯಶ್ರೀ ಅವರ ಬಗ್ಗೆ ಮಾತು ಶುರುವಾಗುವುದೇ ‘ಗುಬ್ಬಿ ವೀರಣ್ಣನವರ ಮೊಮ್ಮಗಳು’ ಎಂದು. ಅದು ನಿಜ. ಆದರೆ ಐದು ದಶಕ ಮೀರಿದ ರಂಗಜೀವನವನ್ನು ಆ ಒಂದು ಮಾತಿನಲ್ಲಿ ಮುಗಿಸಿದರೆ, ದುಡಿದು ಗಳಿಸಿದ್ದೂ ಪಿತ್ರಾರ್ಜಿತದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆ ದುಡಿಮೆಗೆ ನಮ್ಮ ದೆಹಲಿಯಲ್ಲೂ ಒಂದು ಅಧ್ಯಾಯವಿದೆ. ಇಬ್ರಾಹಿಂ ಅಲ್ಕಾಜಿ ಅವರ ಕಾಲದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1973ರಲ್ಲಿ ಅವರು ತರಬೇತಿ ಮುಗಿಸಿದರು. ಅದರ ಹಿಂದಿನ ವರ್ಷವಷ್ಟೇ ತಾತ ತೀರಿಕೊಂಡಿದ್ದರು. ಕಂಪನಿ ನಾಟಕ ಕಲಿಸಿದ್ದು ಹಾಡು, ಹಾಸ್ಯ, ಕೊನೆಯ ಸಾಲಿಗೂ ಮುಟ್ಟುವ ದನಿ. ಶಾಲೆ ಕಲಿಸಿದ್ದು ಪಠ್ಯದ ಓದು, ಮೈಯ ಶಿಸ್ತು. ಹೊಸ ರಂಗಭೂಮಿಯ ಅನೇಕರಿಗೆ ಕಂಪನಿ ನಾಟಕ ಅಟ್ಟಕ್ಕೆ ಹಾಕಬೇಕಾದ ಹಳೆಯ ಸಾಮಾನಾಗಿದ್ದ ಹೊತ್ತು ಅದು. ಜಯಶ್ರೀ ಎರಡನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ 1976ರಲ್ಲಿ ‘ಸ್ಪಂದನ’ ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ಕಂಬಾರರ ಕಾದಂಬರಿ ಆಧರಿಸಿದ ‘ಕರಿಮಾಯಿ’ ಹೀಗೇ ಬಂದವು.

ಇದು ಸ್ಪಷ್ಟವಾಗುವುದು ‘ಸದಾರಮೆ’ಯಲ್ಲಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಆ ನಾಟಕದ ಕಳ್ಳನ ಪಾತ್ರ ವೀರಣ್ಣನವರಿಗೆ ಹೆಸರು ತಂದದ್ದು. ಜಯಶ್ರೀ ಆರಿಸಿಕೊಂಡದ್ದು ಸದಾರಮೆಯನ್ನಲ್ಲ, ಆ ಕಳ್ಳನನ್ನೇ. ಒಂದು ಕಾಲಕ್ಕೆ ಗಂಡಸರು ಸೀರೆಯುಟ್ಟು ನಾಯಕಿಯರಾಗುತ್ತಿದ್ದ ರಂಗದಲ್ಲಿ ಹೆಣ್ಣೊಬ್ಬಳು ಕಳ್ಳನಾಗಿ, ಇನ್ನೊಬ್ಬ ಹೆಣ್ಣಿನ ಜಾಣತನಕ್ಕೆ ಸೋಲುತ್ತಾಳೆ. ನಗು ಹಳೆಯದೇ, ಅದು ಯಾರ ಮೇಲೆ ಎಂಬುದು ಬದಲಾಗುತ್ತದೆ. ಇದು ತಾತನ ಅನುಕರಣೆಯಲ್ಲ, ತಾತನಿಗೆ ಕೊಟ್ಟ ಉತ್ತರ.

ಒಂದು ತಕರಾರೂ ಇದೆ. ಆ ಕಂಠ ಎಷ್ಟು ದೊಡ್ಡದೆಂದರೆ, ಕೆಲವೊಮ್ಮೆ ದೃಶ್ಯವನ್ನೇ ನುಂಗುತ್ತದೆ. ‘ಕರಿಮಾಯಿ’ಯಲ್ಲಿ ಊರೊಂದು ಒಡೆಯುವ ಸಂಕಟಕ್ಕಿಂತ ಹಾಡಿನ ಸುಖವೇ ನಮ್ಮೊಂದಿಗೆ ಮನೆಗೆ ಬರುವ ಅಪಾಯವಿದೆ. ಅದೇ ಕಂಠ ಸಿನಿಮಾದಲ್ಲಿ ಮಾಧವಿ, ಜಯಪ್ರದಾ ಮುಂತಾದವರ ಮಾತಾಯಿತು. ಕೇಳಿದವರು ಲಕ್ಷಾಂತರ ಜನ, ಅದು ಯಾರ ದನಿಯೆಂದು ತಿಳಿದವರು ಕಡಿಮೆ.

1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಗೌರವಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ವಿವರಕ್ಕೆ. ಕಳ್ಳ ಎಲ್ಲಿ ತಡೆದು ನಿಂತ, ಯಾವ ಮಾತಿಗೆ ಉಸಿರು ಹಿಡಿದ ಎಂದು ನೋಡಿದವರು ಬರೆದಿಡಬೇಕು. ‘ಅದ್ಭುತ ಅಭಿನಯ’ ಎಂದು ಬರೆದು ಕೈತೊಳೆದುಕೊಂಡರೆ ಮುಂದಿನವರಿಗೆ ಉಳಿಯುವುದು ಮತ್ತದೇ: ಗುಬ್ಬಿ ವೀರಣ್ಣನವರ ಮೊಮ್ಮಗಳು.