ಸಂಪತ್ತಿನ ಉಪದೇಶ ಮತ್ತು ಗಾದೆಯ ಸಂದರ್ಭ

ಬೆಂಜಮಿನ್ ಫ್ರಾಂಕ್ಲಿನ್ 1758ರ ‘ಪೂರ್ ರಿಚರ್ಡ್’ ಪಂಚಾಂಗಕ್ಕೆ ಬರೆದ ಮುನ್ನುಡಿಯೇ ಮುಂದೆ ‘ದ ವೇ ಟು ವೆಲ್ತ್’ ಎಂದು ಪ್ರಸಿದ್ಧವಾಯಿತು. 25 ವರ್ಷಗಳ ಪಂಚಾಂಗಗಳಲ್ಲಿ ಚದುರಿದ್ದ, ಬಹುಮಟ್ಟಿಗೆ ಹಳೆಯ ಸಂಕಲನಗಳಿಂದ ಆಯ್ದ ಗಾದೆಗಳನ್ನು ಆತ ಇಲ್ಲಿ ಅಬ್ರಹಾಂ ಎಂಬ ವೃದ್ಧನ ಭಾಷಣವಾಗಿ ಹೆಣೆದಿದ್ದಾನೆ.

ದುಡಿಮೆ, ಮಿತವ್ಯಯ, ಸಾಲದ ಭಯ ಇವು ಅದರ ಸಾರ. ಸಾಲಗಾರನು ತನ್ನ ಸ್ವಾತಂತ್ರ್ಯವನ್ನೇ ಒತ್ತೆಯಿಡುತ್ತಾನೆಂಬ ಎಚ್ಚರಿಕೆಯು ಸಾಲಕ್ಕಾಗಿ ಸೆರೆವಾಸವಿದ್ದ ಆ ಕಾಲದ ಅನುಭವದಿಂದ ಮೂಡಿದ್ದು, ಇಂದಿಗೂ ಸಲ್ಲುವಂಥದು. ಕಿವಿಯಲ್ಲಿ ಉಳಿಯುವ ಗಾದೆಯ ಬಿಗಿಯೇ ಈ ಬರಹದ ಶಕ್ತಿ.

ಮಿತಿಯೂ ಇಲ್ಲಿಯೇ ಇದೆ. ಜನರು ಕೇಳಿದ್ದು ತೆರಿಗೆಯ ಭಾರವನ್ನು ಕುರಿತು. ಆಲಸ್ಯ, ಅಹಂಕಾರ, ಮೌಢ್ಯಗಳು ವಿಧಿಸುವ ತೆರಿಗೆಯೇ ದೊಡ್ಡದೆಂದು ಹೇಳುವ ವೃದ್ಧನು ಸಾರ್ವಜನಿಕ ಪ್ರಶ್ನೆಯನ್ನು ವ್ಯಕ್ತಿಯ ನಡತೆಗೆ ತಿರುಗಿಸುತ್ತಾನೆ. ದುಡಿಮೆಯಿಂದ ಸಂಪತ್ತೆಂಬ ಮಾತು ಗುಲಾಮರ ಪಾಲಿಗೆ ಸುಳ್ಳಾಗಿತ್ತು. ಫ್ರಾಂಕ್ಲಿನ್‌ನ ‘ಪೆನ್ಸಿಲ್ವೇನಿಯಾ ಗೆಜೆಟ್’ನಲ್ಲಿಯೇ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು.

ಹರಾಜಿಗೆಂದು ನೆರೆದ ಜನ ಉಪದೇಶವನ್ನು ಮೆಚ್ಚಿ, ಮರುಗಳಿಗೆಯೇ ದುಂದಾಗಿ ಕೊಳ್ಳತೊಡಗುತ್ತಾರೆ. ಈ ವ್ಯಂಗ್ಯವನ್ನು ಬಿಟ್ಟು ಗಾದೆಗಳನ್ನಷ್ಟೇ ಆಯ್ದುಕೊಂಡವರು ಕೃತಿಯ ಅರ್ಧವನ್ನು ಮಾತ್ರ ಓದಿದಂತೆ. ಗಾದೆಯ ಅರ್ಥ ಸಂದರ್ಭಾಧೀನ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ದುಂದುಗಾರನಿಗೆ ವಿವೇಕ. ಹಾಸಿಗೆಯೇ ಇಲ್ಲದವನಿಗೆ ಅಣಕ.