ಯಾರ ಕಡೆಯ ಕಾಯಿಲೆ?

ನಮ್ಮ ಸೋದರತ್ತೆ ಹೋದಾಗ ನನಗೆ ಹನ್ನೊಂದು ವರ್ಷ. ಏನಾಗಿತ್ತೆಂದು ಕೇಳಿದರೆ ದೊಡ್ಡವರು ‘ಎದೆನೋವು’ ಎನ್ನುತ್ತಿದ್ದರು. ಹೃದಯದ ಕಾಯಿಲೆಯೇ ಇರಬೇಕೆಂದು ಎಷ್ಟೋ ವರ್ಷ ನಂಬಿದ್ದೆ. ಅತ್ತೆಯ ಎದೆಯಲ್ಲಿ ಗಂಟಾಗಿತ್ತು, ಅದನ್ನು ಅವರು ವರ್ಷಕ್ಕೂ ಮೇಲೆ ಯಾರಿಗೂ ಹೇಳದೆ ಸೆರಗಿನಡಿ ಬಚ್ಚಿಟ್ಟುಕೊಂಡಿದ್ದರು ಎಂದು ಅಮ್ಮ ಬಾಯಿಬಿಟ್ಟದ್ದು ನನಗೆ ಮಗಳು ಹುಟ್ಟಿದ ಮೇಲೆ. ಅದೂ ಅಡುಗೆಮನೆಯಲ್ಲಿ, ದನಿ ತಗ್ಗಿಸಿ.

ಮೊನ್ನೆ ಆ ಮಗಳೇ ಲ್ಯಾಪ್‌ಟಾಪಿನಲ್ಲಿ ‘ಡಿಕೋಡಿಂಗ್ ಆ್ಯನಿ ಪಾರ್ಕರ್’ ಎಂಬ ಇಂಗ್ಲಿಷ್ ಚಿತ್ರ ಹಾಕಿಕೊಟ್ಟಳು. ಸ್ಟೀವನ್ ಬರ್ನ್‌ಸ್ಟೀನ್ ನಿರ್ದೇಶಿಸಿದ 2013ರ ಚಿತ್ರ. ಆ್ಯನಿ ಕೆನಡಾದ ನಿಜವಾದ ಹೆಂಗಸು. ಸ್ತನ ಕ್ಯಾನ್ಸರ್ ಮೊದಲು ಅವಳ ತಾಯಿಯನ್ನು, ಆಮೇಲೆ ಅಕ್ಕನನ್ನು ಕೊಂಡೊಯ್ಯುತ್ತದೆ. ಇನ್ನು ತನ್ನ ಸರದಿ ಎಂದು ಹೆದರಿದ್ದವಳಿಗೂ ಬರುತ್ತದೆ, ಮುಂದೆ ಅಂಡಾಶಯದಲ್ಲೂ. ಇದು ನಮ್ಮ ಮನೆತನಕ್ಕೇ ಅಂಟಿಕೊಂಡದ್ದಲ್ಲವೇ ಎಂಬ ಅವಳ ಪ್ರಶ್ನೆಗೆ ವೈದ್ಯರು ಸೊಪ್ಪು ಹಾಕುವುದಿಲ್ಲ.

ಸಮಂತಾ ಮಾರ್ಟನ್ ಈ ಆ್ಯನಿಯನ್ನು ಅಳುಬುರುಕಿಯಾಗಲು ಬಿಟ್ಟಿಲ್ಲ. ತನ್ನ ಮೈಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುವ ಅವಳ ಭಯದಲ್ಲೂ ಒಂದು ನಗೆಯಿದೆ. ಕಾಯಿಲೆಯ ಸಿನಿಮಾ ಎಂದರೆ ಕರವಸ್ತ್ರ ಹಿಡಿದೇ ಕೂರುವ ನಮ್ಮಂಥವರಿಗೆ ಇದು ಹೊಸದು. ಗಂಡ ದೂರವಾಗುವ ಕಥೆ ಮಾತ್ರ ಕೊಂಚ ಉದ್ದವಾಯಿತು. ಅದನ್ನು ನಾವು ಬೇಕಾದಷ್ಟು ನೋಡಿದ್ದೇವೆ, ಅಲ್ಲವೇ?

ಇನ್ನೊಂದು ಎಳೆ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಅವರದು. ಪಾತ್ರ ಮಾಡಿದವರು ಹೆಲೆನ್ ಹಂಟ್. ಒಂದೇ ವಂಶವಾಹಿಯ ದೋಷದಿಂದ ಈ ಕ್ಯಾನ್ಸರ್ ತಲೆಮಾರಿನಿಂದ ತಲೆಮಾರಿಗೆ ಇಳಿದೀತು ಎಂದು ಹೆಚ್ಚಿನವರು ನಂಬದಿದ್ದ ಕಾಲದಲ್ಲಿ ಕಿಂಗ್ ಹುಡುಕುತ್ತಲೇ ಇದ್ದರು. ಅದು 17ನೆಯ ಕ್ರೋಮೋಸೋಮಿನಲ್ಲಿದೆ ಎಂದು 1990ರಲ್ಲಿ ತೋರಿಸಿಕೊಟ್ಟರು. ಆಧಾರ 23 ಕುಟುಂಬಗಳು, ಅವುಗಳಲ್ಲಿ 146 ಸ್ತನ ಕ್ಯಾನ್ಸರ್‌ಗಳು. ಬಿಆರ್‌ಸಿಎ1 ಎಂಬ ಹೆಸರು ಈಗ ಎಲ್ಲರಿಗೂ ಗೊತ್ತು.

ನನ್ನ ತಕರಾರು ಇರುವುದು ಇಲ್ಲೇ. ಆ ಕುಟುಂಬಗಳ ಲೆಕ್ಕ ಸಿಕ್ಕಿದ್ದಾದರೂ ಹೇಗೆ? ನಿಮ್ಮಮ್ಮನಿಗೆ ಏನಾಗಿತ್ತು, ಎಷ್ಟನೆಯ ವಯಸ್ಸಿಗೆ, ಚಿಕ್ಕಮ್ಮನಿಗೆ? ಯಾರೋ ಕೇಳಿರಬೇಕು, ಯಾರೋ ನೆನೆಸಿಕೊಂಡು ಹೇಳಿರಬೇಕು. ನನಗೆ ನೋಡಬೇಕೆನಿಸಿದ್ದು ಆ ಮಾತುಕತೆ. ಚಿತ್ರ ಅಲ್ಲಿ ಅವಸರಪಡುತ್ತದೆ. ಕಿಂಗ್ ಅವರ ಪಾತ್ರ ಬರಿಯ ಹಟಮಾರಿತನವಾಗಿ ಉಳಿದುಬಿಡುತ್ತದೆ.

ನಮ್ಮ ತವರಿನ ನಡುಮನೆಯಲ್ಲಿ ಕಟ್ಟು ಹಾಕಿಸಿದ ವಂಶವೃಕ್ಷವಿದೆ. ಏಳು ತಲೆಮಾರು, ಎಲ್ಲ ಗಂಡಸರೇ. ಅತ್ತೆ ಅದರಲ್ಲಿಲ್ಲ. ಹಿಂದೊಮ್ಮೆ ಎದೆಯ ಪರೀಕ್ಷೆಗೆ ಹೋದಾಗ ಡಾಕ್ಟರು, ‘ತಾಯಿ ಕಡೆ ಯಾರಿಗಾದರೂ ಇತ್ತೇನಮ್ಮಾ?’ ಎಂದು ಕೇಳಿದರು. ಇಲ್ಲವೆಂದೆ. ಸುಳ್ಳೇನಲ್ಲ. ತಂದೆ ಕಡೆಯದನ್ನು ಅವರು ಕೇಳಲಿಲ್ಲ, ನನಗೂ ಹೇಳಬೇಕೆನಿಸಲಿಲ್ಲ. ಆದರೆ ಈ ದೋಷ ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಹೊತ್ತ ತಂದೆ ಗಟ್ಟಿಮುಟ್ಟಾಗಿಯೇ ಇರಬಹುದು. ಮಗನಾಗಲಿ ಮಗಳಾಗಲಿ, ಪ್ರತಿಯೊಂದು ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದವರಿಗೆಲ್ಲ ಕ್ಯಾನ್ಸರ್ ಬಂದೇ ತೀರುತ್ತದೆಂದಲ್ಲ. ಸ್ತನ ಕ್ಯಾನ್ಸರಿನಲ್ಲಿ ಹೀಗೆ ವಂಶದಿಂದ ಬರುವುದು ನೂರರಲ್ಲಿ ಐದೋ ಹತ್ತೋ ಮಾತ್ರ. ಆದರೂ ಅತ್ತೆಗೆ ಆಗ ಬರೀ ಮೂವತ್ತೆಂಟು.

ಚಿತ್ರ ಮುಗಿದ ಮೇಲೆ ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತ ಕೂತಳು. ಅಪ್ಪನ ಚೌಕ, ಅತ್ತೆಯ ಸೊನ್ನೆ, ಅವುಗಳ ಮೇಲೆ ಅಜ್ಜಿಯ ಸೊನ್ನೆ. ಅಜ್ಜಿ ಏನಾಗಿ ಹೋದರು? ಅಪ್ಪ ಈಗಿಲ್ಲ. ಊರಿನಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಅದೇ ಕಣಮ್ಮಾ, ಎದೆನೋವು ಅಂತಿದ್ರು.’