ಹಳೇ ಗಾಡಿಯ ಮೈಬಣ್ಣ

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಬಂದವರು ಬಸವಕಲ್ಯಾಣಕ್ಕೆ ಸಸ್ತಾಪುರ ಬಂಗ್ಲಾದ ಹತ್ತಿರ ಒಳಗೆ ತಿರುಗುತ್ತಾರೆ. ಅಲ್ಲಿಯ ಆಟೋ ನಗರದಲ್ಲಿ ಲಾರಿಗೆ ಬೇಕಾದ ಕೆಲಸವೆಲ್ಲ ಆಗುತ್ತದೆ. ಬಾಡಿ ಕಟ್ಟುತ್ತಾರೆ, ಪಾಟಾ ಬದಲಿಸುತ್ತಾರೆ, ಡೆಂಟಿಂಗ್ ಪೇಂಟಿಂಗ್ ಮಾಡುತ್ತಾರೆ. ಆ ಲಾರಿಗಳ ಮಗ್ಗುಲಲ್ಲಿ ಒಂದೊಂದು ಹಳೇ ಕಾರೂ ನಿಂತಿರುತ್ತದೆ. ಒಂದು ನಮ್ಮದೇ ಕೆಎ–56, ಇನ್ನೊಂದು ಸೊಲ್ಲಾಪುರದ ಎಂಎಚ್–13. ಯಾರದೋ ಹೊಲದ ಮನೆಯ ಮುಂದೆ ಹುಣಸೆ ಮರದ ಕೆಳಗೆ ವರ್ಷಗಟ್ಟಲೆ ನಿಂತು, ಈಗ ಕಡಿಮೆ ರೇಟಿಗೆ ಕೈ ಬದಲಾದ ಗಾಡಿಗಳು. ಬಾನೆಟ್ ಮಂಕಾಗಿದೆ, ಟಾಪ್ ಮೇಲೆ ಬಿಳಿ ಕಲೆಗಳಿವೆ. ಮಾಲೀಕ ಬಂದವನೇ ಕೇಳುವ ಪ್ರಶ್ನೆ ಒಂದೇ: “ಫುಲ್ ಪೇಂಟ್ ಎಷ್ಟಾಗ್ತದ?”

ಆ ಪ್ರಶ್ನೆ ಕೇಳುವ ಮೊದಲು ಒಂದು ವಾರ ತಡೆಯಿರಿ ಎಂದು ಹೇಳುವುದಕ್ಕೇ ಈ ವಾರದ ಅಂಕಣ.

ಕಾರ್ಖಾನೆಯ ಬಣ್ಣ ಎಷ್ಟೇ ಕಳೆಗುಂದಿರಲಿ, ಅದಕ್ಕೆ ಸಮನಾದದ್ದನ್ನು ಮತ್ತೆ ಹಚ್ಚಲಾಗದು. ಪೇಂಟರನ ಕೈ ಇದಕ್ಕೆ ಕಾರಣವಲ್ಲ, ಒಲೆಯ ಶಾಖ ಕಾರಣ. ಕಾರ್ಖಾನೆಯಲ್ಲಿ ಕಾರು ಇನ್ನೂ ಬರಿ ತಗಡಿನ ಮೈಯಾಗಿರುವಾಗಲೇ ಅದನ್ನು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಮೂಲೆಮೂಲೆಗೂ ಪದರ ಕೂರಿಸುತ್ತಾರೆ. 160–180 ಡಿಗ್ರಿಯಲ್ಲಿ ಅದನ್ನು ಬೇಯಿಸಿ, ಮೇಲೆ ಸರ್ಫೇಸರ್, ಅದರ ಮೇಲೆ ಬಣ್ಣ, ಕೊನೆಗೆ ಕ್ಲಿಯರ್ ಕೋಟ್ ಹಾಕಿ ಸುಮಾರು 140 ಡಿಗ್ರಿಯಲ್ಲಿ ಮತ್ತೆ ಬೇಯಿಸುತ್ತಾರೆ. ಆಗ ಒಳಗೆ ಸೀಟಿಲ್ಲ, ವೈರಿಲ್ಲ, ರಬ್ಬರಿಲ್ಲ. ಅವೆಲ್ಲ ಕೂತ ಮೇಲೆ ಆ ಶಾಖವನ್ನು ಗಾಡಿಗೆ ಕೊಡುವಂತಿಲ್ಲ. ಒಳ್ಳೆಯ ಪೇಂಟ್ ಬೂತ್ ಇದ್ದರೂ ಅರವತ್ತು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಶೆಡ್ಡಿನಲ್ಲಿ ಹಚ್ಚಿದ್ದು ಹಾರ್ಡನರ್ ಮತ್ತು ಗಾಳಿಯ ಬಲದಿಂದಲೇ ಗಟ್ಟಿಯಾಗಬೇಕು.

ಮೂಲ ಬಣ್ಣ ಇಷ್ಟು ಗಟ್ಟಿಯಾದರೂ ಬಲು ತೆಳು. ಎಲ್ಲ ಪದರ ಸೇರಿ ನೂರು, ನೂರಿಪ್ಪತ್ತು ಮೈಕ್ರಾನ್. ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಒಂದು ಹಾಳೆಯೇ ಎಪ್ಪತ್ತರಷ್ಟು ದಪ್ಪ. ಹೊಳಪು ಕೊಡುವ ಕ್ಲಿಯರ್ ಕೋಟ್ ಅದರಲ್ಲಿ 35ರಿಂದ 50 ಮೈಕ್ರಾನ್ ಮಾತ್ರ. ಹಳೇ ಗಾಡಿಯ ಮೈ ನುಣುಪು ಮಾಡುವ ಕೆಲಸವೆಲ್ಲ ನಡೆಯುವುದು ಈ ತೆಳು ಪದರದ ಮೇಲ್ಭಾಗದಲ್ಲಿ. ಆದ್ದರಿಂದ ಕಡಿಮೆ ತೆಗೆದು ಹೆಚ್ಚು ಹೊಳೆಸಿದವನೇ ನಿಜವಾದ ಉಸ್ತಾದ.

ನಮ್ಮ ಕಡೆಯ ಗಾಡಿಗಳ ಕಾಯಿಲೆಗಳೂ ನಮ್ಮ ನೆಲದ್ದೇ. ಬಸವಕಲ್ಯಾಣ–ಹುಮನಾಬಾದ್ ದಿನ್ನೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಕಣ ಗಡುಸು. ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಗಾಡಿ ಒರೆಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಪ್ರೀತಿಯಿಂದ ಮಾಡುವ ಕೆಲಸವೇ ಅದು. ಆದರೆ ಬಿಸಿಲಿಗಿಂತ ಹೆಚ್ಚು ಹಾಳು ಮಾಡುವುದು ಆ ಒಂದು ಬಟ್ಟೆ. ಬಿಸಿಲಿನಲ್ಲಿ ಬಾನೆಟ್ ಮೇಲೆ ಸುತ್ತುಸುತ್ತಾಗಿ ಕಾಣುವ ಜೇಡರ ಬಲೆಯಂಥ ಗೆರೆಗಳೆಲ್ಲ ಅದರದೇ ಗುರುತು. ಇನ್ನು ಬೋರ್‌ವೆಲ್ ನೀರು: ಗಡಸು ನೀರಿನಿಂದ ತೊಳೆದು ಹಾಗೇ ಒಣಗಲು ಬಿಟ್ಟರೆ ಪ್ರತಿ ಹನಿಯೂ ಸುಣ್ಣದ ಉಂಗುರವನ್ನು ಬಿಟ್ಟು ಹೋಗುತ್ತದೆ. ಮರದ ನೆರಳಿಗೆ ನಿಲ್ಲಿಸಿದರೆ ಹಕ್ಕಿ ಹಿಕ್ಕೆ. ಬಿಸಿಯಾಗಿ ಮೆತ್ತಗಾದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಆಕಾರವನ್ನೇ ಹಿಡಿದುಬಿಡುತ್ತದೆ. ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ, ಕೈಗಾರಿಕಾ ಪ್ರದೇಶವಿದೆ, 2017ರಿಂದ ಬೀದರ್–ಕಲಬುರಗಿ ರೈಲೂ ಓಡುತ್ತಿದೆ. ಬ್ರೇಕಿನಿಂದ, ಹಳಿಯಿಂದ ಹಾರುವ ಕಬ್ಬಿಣದ ಪುಡಿ ಬಣ್ಣದಲ್ಲಿ ಕೂತು ತುಕ್ಕು ಹಿಡಿಯುತ್ತದೆ. ಬಿಳಿ ಗಾಡಿಯ ಮೇಲೆ ಸಾಸಿವೆಗಿಂತ ಸಣ್ಣ ಕೇಸರಿ ಚುಕ್ಕೆ ಕಂಡರೆ ಬಣ್ಣವೇ ತುಕ್ಕು ಹಿಡಿಯಿತೆಂದು ಗಾಬರಿಪಡಬೇಡಿ. ಅದು ಬಹಳ ಸಲ ಹೊರಗಿನಿಂದ ಬಂದದ್ದು.

ಆಟೋ ನಗರದ ಒಬ್ಬ ಹಿರಿಯ ಪೇಂಟರ್ ಗಿರಾಕಿಗೆ ಹೇಳುತ್ತಿದ್ದ ಮಾತು ನನಗೆ ತುಂಬ ಹಿಡಿಸಿತು: “ಮೊದ್ಲ ಕೈ ಹಚ್ಚಿ ನೋಡ್ರಿ ಸಾಬ್, ಆಮ್ಯಾಲ ಕಣ್ಣು.” ಗಾಡಿಯನ್ನು ನೆರಳಿನಲ್ಲಿ ಶಾಂಪೂ ಹಾಕಿ ತೊಳೆದು ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪೆನಿಸಿದ್ದು ಚೀಲದೊಳಗಿನ ಬೆರಳಿಗೆ ಮರಳು ಕಾಗದದಂತೆ ತಾಗುತ್ತದೆ. ಹಾಗೆ ತಾಗುವುದು ಬಣ್ಣದ ದೋಷವಲ್ಲ, ಬಣ್ಣಕ್ಕೆ ಅಂಟಿಕೊಂಡ ಕಸ. ಕಸ ತೆಗೆಯದೆ ಪಾಲಿಷ್ ಮೆಷಿನ್ ಇಟ್ಟರೆ ಆ ಕಸವನ್ನೇ ಬಣ್ಣಕ್ಕೆ ತಿಕ್ಕಿದಂತಾಗುತ್ತದೆ.

ಈ ಕಸ ತೆಗೆಯುವುದೇ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಪ್ರಿಯವಾದ ಭಾಗ. ಡಾಂಬರಿನ ಚುಕ್ಕೆಗೆ ಬಟ್ಟೆಯ ತುದಿಗೆ ತುಸು ಸೀಮೆಎಣ್ಣೆ ತಾಗಿಸಿ ಒರೆಸಿ, ಕೂಡಲೇ ಶಾಂಪೂವಿನಿಂದ ತೊಳೆದರೆ ಸಾಕು. ಸುಣ್ಣದ ಕಲೆಗೆ ಬಿಳಿ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಅರೆಗಳಿಗೆ ಇಟ್ಟು ತೊಳೆಯಬೇಕು. ಒಣಗಲು ಬಿಡಬಾರದು. ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಸಿಂಪಡಿಸಿದರೆ ಕಣವಿದ್ದಲ್ಲೆಲ್ಲ ನೇರಳೆ ನೀರು ಇಳಿಯುತ್ತದೆ. ಅದನ್ನು ಮೊದಲ ಸಲ ನೋಡಿದವರು ಬೆರಗಾಗದೆ ಇರರು. ಇಷ್ಟರ ಮೇಲೂ ಉಳಿದದ್ದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮೆತ್ತನೆ ತುಂಡು ಬೇಕು. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಒತ್ತದೆ, ಒಂದೇ ದಿಕ್ಕಿನಲ್ಲಿ ಜಾರಿಸುತ್ತ ಹೋದರೆ ಮೊದಲು ಸರಸರ ಎನ್ನುತ್ತಿದ್ದ ಸದ್ದು ನಿಧಾನಕ್ಕೆ ನಿಲ್ಲುತ್ತದೆ. ಸದ್ದು ನಿಂತರೆ ಆ ಜಾಗ ಮುಗಿಯಿತು. ಕ್ಲೇ ತುಂಡು ನೆಲಕ್ಕೆ ಬಿದ್ದರೆ ಎತ್ತಿ ಮತ್ತೆ ಬಳಸಬಾರದು, ಎಸೆಯಬೇಕು. ನಮ್ಮ ನೆಲದ ಒಂದೇ ಒಂದು ಹರಳು ಸಿಕ್ಕಿಕೊಂಡರೂ ಬಾಗಿಲಿನುದ್ದಕ್ಕೂ ಗೀರು ಬೀಳುತ್ತದೆ.

ಆಮೇಲೆ ಕಣ್ಣಿನ ಸರದಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಬಾಗಿಲ ಮೇಲೆ ನೇರವಾಗಿ ಬಿದ್ದರೆ ಕಾರ್ಖಾನೆಯ ಮೈ, ಅಲೆಅಲೆಯಾಗಿ ಮುರಿದರೆ ಅಡಿಯಲ್ಲಿ ಪುಟ್ಟಿ ಇರಬಹುದು. ಬಾಗಿಲು ತೆರೆದು ಒಳಮೂಲೆಯ ಬಣ್ಣ ನೋಡಿ. ಬಿಸಿಲು ಕಾಣದ ಆ ಜಾಗವೇ ಗಾಡಿಯ ನಿಜವಾದ ಬಣ್ಣ. ಹಿಂದಿನ ಮಾಲೀಕ ಅಂಟಿಸಿದ್ದ ಬಸವಣ್ಣನ ಚಿತ್ರವನ್ನೋ ಮನೆತನದ ಹೆಸರನ್ನೋ ಕಿತ್ತಾಗ ಅದೇ ಆಕಾರದಲ್ಲಿ ಗಾಢ ಬಣ್ಣ ಉಳಿದಿರುತ್ತದೆ. ಸುತ್ತಲಿನ ಬಣ್ಣ ಎಷ್ಟು ಮಾಸಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕೆಂಪು ಗಾಡಿಗಳು ಪುಡಿಪುಡಿಯಾಗಿ ಗುಲಾಬಿಗೆ ತಿರುಗಿರುತ್ತವೆ. ಪಾಲಿಷ್ ಹಚ್ಚಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಅದು ಆ ಜಾತಿ. ಬಟ್ಟೆ ಕೆಂಪಾಯಿತೆಂದು ಹೆದರಬೇಕಿಲ್ಲ. ಸತ್ತ ಪದರ ಹೋಗಿ ಜೀವಂತ ಕೆಂಪು ಮೇಲೆ ಬರುತ್ತದೆ. ಪಾಲಿಷ್‌ಗೆ ಇಷ್ಟು ಚೆನ್ನಾಗಿ ಓಗೊಡುವ ಬಣ್ಣ ಇನ್ನೊಂದಿಲ್ಲ.

ಕ್ಲಿಯರ್ ಕೋಟ್ ಇರುವ ಗಾಡಿಗೆ ಹೆಚ್ಚು ಎಚ್ಚರ ಬೇಕು. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಸತ್ವ ಆ ಪದರದಲ್ಲೇ ಇದೆ, ಹೆಚ್ಚು ತೆಗೆದಷ್ಟೂ ಗಾಡಿಯ ಆಯುಷ್ಯ ಕಡಿಮೆ. ಫೋಮ್ ಪ್ಯಾಡಿನ ಹಗುರ ಪಾಲಿಷ್ ಒಂದೆರಡು ಮೈಕ್ರಾನ್ ತೆಗೆದರೆ, ಉಣ್ಣೆಯ ಪ್ಯಾಡ್, ರಬ್ಬಿಂಗ್ ಕಾಂಪೌಂಡು ಅದರ ಎಷ್ಟೋ ಪಟ್ಟು ತೆಗೆಯುತ್ತವೆ. ಮೊದಲು ಒಂದು ಗೇಣಷ್ಟು ಜಾಗದಲ್ಲಿ ಅತ್ಯಂತ ಹಗುರವಾದದ್ದನ್ನು ಪ್ರಯೋಗ ಮಾಡಿ. ಸಾಕಾದರೆ ಅಲ್ಲಿಗೇ ನಿಲ್ಲಿಸಿ. ಆಳದ ಗೀರಿಗೆ 2000 ಅಥವಾ 3000 ನಂಬರಿನ ವಾಟರ್ ಪೇಪರ್ ಬಳಸಬಹುದು, ಆದರೆ ಗೀರಿದ್ದಷ್ಟೇ ಜಾಗದಲ್ಲಿ. ಉಗುರಿಗೆ ತಡೆಯುವ ಗೀರನ್ನು ಪೂರ್ತಿ ಅಳಿಸಲು ಹೋಗಬೇಡಿ. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಬಣ್ಣ ಇನ್ನೂ ತೆಳು, ಅಲ್ಲಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಮೆಷಿನ್ ಒಂದೇ ಕಡೆ ನಿಂತರೆ ಕ್ಷಣದಲ್ಲಿ ಬಣ್ಣ ಸುಡುತ್ತದೆ, ಆಗಾಗ ಅಂಗೈ ಇಟ್ಟು ಶಾಖ ನೋಡಿ. ಕೆಲವು ಕಾಂಪೌಂಡುಗಳಲ್ಲಿ ಎಣ್ಣೆಯಂಶ ಹೆಚ್ಚಿರುತ್ತದೆ. ಅದು ಗೀರು ತುಂಬಿ ಅಂದಿಗೆ ಮುಚ್ಚುತ್ತದೆ, ನಾಲ್ಕು ಸಲ ತೊಳೆದರೆ ಗೀರು ಮತ್ತೆ ಎದ್ದು ಕಾಣುತ್ತದೆ. ಗಾಡಿ ಕೊಳ್ಳುವವರು ಇದನ್ನು ನೆನಪಿಡಲೇಬೇಕು.

ಬೀದರಿನ ಬಿದರಿ ಕೆಲಸ ನೋಡಿದವರಿಗೆ ಈ ಕ್ರಮ ಹೊಸದಲ್ಲ. ಸತು–ತಾಮ್ರದ ಎರಕವನ್ನು ಅರ ಹಾಕಿ, ಮರಳು ಕಾಗದ ತಿಕ್ಕಿ ನಯ ಮಾಡಿದ ಮೇಲೆಯೇ ಗೆರೆ ಕೆತ್ತಿ ಬೆಳ್ಳಿ ಕೂರಿಸುತ್ತಾರೆ. ಮತ್ತೆ ಉಜ್ಜಿ, ಕೊನೆಗೆ ಕೋಟೆಯ ಮಣ್ಣು, ನವಸಾಗರದ ದ್ರಾವಣದಲ್ಲಿ ಕಪ್ಪಾಗಿಸುತ್ತಾರೆ. ಮೊದಲ ಮೆಟ್ಟಿಲಲ್ಲಿ ಬಿಟ್ಟ ಒರಟನ್ನು ಕೊನೆಯ ಮೆಟ್ಟಿಲು ಮುಚ್ಚಿಕೊಡುವುದಿಲ್ಲ. ನಮ್ಮ ಜಿಲ್ಲೆಯ ಕೈಗಳಿಗೆ ಈ ತಾಳ್ಮೆ ಗೊತ್ತಿದೆ. ಕಾರಿನ ವಿಷಯದಲ್ಲಿ ಮಾತ್ರ ಗಿರಾಕಿ ಸಂಜೆಯೊಳಗೆ ಬೇಕು ಎನ್ನುತ್ತಾನೆ.

ಮತ್ತೆ ಪೇಂಟ್ ಹಚ್ಚಲೇಬೇಕಾದ ಗಾಡಿಗಳೂ ಇವೆ. ಟಾಪ್ ಮೇಲೆ ಕ್ಲಿಯರ್ ಕೋಟ್ ಸಿಪ್ಪೆಯಾಗಿ ಏಳುತ್ತಿದ್ದರೆ, ಬಣ್ಣದ ಅಡಿಯಿಂದ ತುಕ್ಕು ಉಬ್ಬಿದ್ದರೆ ಯಾವ ಪಾಲಿಷೂ ಅದನ್ನು ಉಳಿಸದು. ಆಗಲೂ ಆ ಒಂದು ಭಾಗವನ್ನಷ್ಟೇ ಮಾಡಿಸಿ, ಕೆಡದ ಬಾಗಿಲುಗಳನ್ನು ಮುಟ್ಟಗೊಡಬೇಡಿ. ಬೂತ್ ಇಲ್ಲದ ಶೆಡ್ಡಾದರೆ ಗಾಳಿ ಏಳುವ ಮೊದಲು, ಬೆಳಗಿನ ಹೊತ್ತು, ನೆಲಕ್ಕೆ ನೀರು ಚಿಮುಕಿಸಿ ಸ್ಪ್ರೇ ಮಾಡುವವರನ್ನು ಹುಡುಕಿ. ಮಳೆಗಾಲದ ತೇವದಲ್ಲಿ ಅವಸರ ಮಾಡಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಹಿಡಿದರೆ ಹೊಸ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಹೊಸ ಪೇಂಟಿಗೆ ಒಂದು ತಿಂಗಳಾದರೂ ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಹೊರಗೆ ಹೋಗಬೇಕು.

ಪಾಲಿಷ್ ಆದ ಹಳೆಯ ಬಣ್ಣಕ್ಕೆ ಮಾತ್ರ ಅದೇ ದಿನ ರಕ್ಷಣೆ ಬೇಕು. ಬ್ರೆಜಿಲ್ಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸಿನ ಹೊಳಪು ಬಹಳ ಚೆಂದ, ವಿಶೇಷವಾಗಿ ಕೆಂಪು, ಕಪ್ಪು ಗಾಡಿಗಳ ಮೇಲೆ. ಆದರೆ ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಅದು ಬೇಗ ಸವೆದುಹೋಗುತ್ತದೆ. ದಿನಾ ಹೊರಗೆ ನಿಲ್ಲುವ ಗಾಡಿಗೆ ನಾನು ಪಾಲಿಮರ್ ಸೀಲಂಟನ್ನೇ ಹೇಳುತ್ತೇನೆ. ಯುಗಾದಿಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಹಚ್ಚಿ. ಎರಡನೆಯದು ದಸರೆಯ ಖಂಡೆ ಪೂಜೆಯ ಹೊತ್ತಿಗೆ ಸರಿಯಾಗಿ ಬೀಳುತ್ತದೆ. ಪೂಜೆಯ ಅರಿಶಿನ, ಕುಂಕುಮವನ್ನು ಬಾನೆಟ್ ಬದಲು ಮುಂದಿನ ಗಾಜಿಗೆ ಹಚ್ಚಿ, ಲಿಂಬೆ ರಸ ಸಿಡಿದಿದ್ದರೆ ಬಿಸಿಲು ಏರುವ ಮೊದಲೇ ಒಂದು ಚೆಂಬು ನೀರು ಹಾಕಿ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.